ಬಾಣಂತಿಯ ತಟ್ಟೆ, ಕೂಸಿನ ಹೃದಯ: ಪಥ್ಯ ಮತ್ತು ಥಯಮಿನ್ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಮಕ್ಕಳ ಹೃದ್ರೋಗ ತಜ್ಞರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಟಿಪ್ಪಣಿಗೆ ಆಧಾರ. ಅದರಲ್ಲಿ ವರದಿಯಾದ ಇನ್ನೂರಕ್ಕೂ ಹೆಚ್ಚು ಕೂಸುಗಳ ಸರಾಸರಿ ವಯಸ್ಸು ಮೂರು ತಿಂಗಳ ಆಸುಪಾಸು. ಎಲ್ಲವೂ ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ಅಲ್ಲಿಯವರೆಗೆ ಚೆನ್ನಾಗಿಯೇ ಬೆಳೆಯುತ್ತಿದ್ದ ಮಕ್ಕಳು. ಇದ್ದಕ್ಕಿದ್ದಂತೆ ಹಾಲು ಬಿಡುತ್ತವೆ, ವಾಂತಿ ಮಾಡುತ್ತವೆ, ಉಸಿರು ಏದುಬ್ಬಸವಾಗುತ್ತದೆ. ಕೆಲವು ಕೂಸುಗಳು ಬಾಯಿ ತೆರೆದು ಅಳುತ್ತವೆ, ದನಿ ಹೊರಡುವುದಿಲ್ಲ. ಪರೀಕ್ಷಿಸಿದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ವಿಪರೀತ ಒತ್ತಡ, ಹೃದಯದ ಬಲಭಾಗ ಊದಿಕೊಂಡಿದೆ, ರಕ್ತದಲ್ಲಿ ಆಮ್ಲ ಏರಿದೆ. ಹುಟ್ಟಿನಿಂದ ಬಂದ ಹೃದಯದ ದೋಷವಂತೂ ಕಾಣುವುದಿಲ್ಲ. ವೈದ್ಯರು ರಕ್ತನಾಳಕ್ಕೆ ಥಯಮಿನ್, ಅಂದರೆ ಬಿ1 ಜೀವಸತ್ವ, ಕೊಟ್ಟರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೂಸುಗಳು ಒಂದೆರಡು ದಿನದಲ್ಲೇ ಚೇತರಿಸಿಕೊಂಡವು.

ತಾಯಂದಿರನ್ನು ವಿಚಾರಿಸಿದಾಗ ಎರಡು ಸಂಗತಿ ಸಾಮಾನ್ಯವಾಗಿದ್ದವು: ಊಟವೆಂದರೆ ಬಹುಪಾಲು ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಜೊತೆಗೆ ಬಾಣಂತಿ ಪಥ್ಯ. ಹೈದರಾಬಾದಿನಿಂದಲೂ ಕಾಶ್ಮೀರದಿಂದಲೂ ಇದೇ ಬಗೆಯ ವರದಿಗಳು ಬಂದಿವೆ.

ಬಾಣಂತನದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಕಡೆಗೆ ಹರಿಯುತ್ತದೆ. ಒಂದು, ಅಜ್ಜಿಯರು ಹೇಳಿದ್ದೆಲ್ಲ ವಿಜ್ಞಾನವೇ ಎಂಬ ಹೆಮ್ಮೆ. ಇನ್ನೊಂದು, ಎಲ್ಲವೂ ಮೂಢನಂಬಿಕೆ ಎಂಬ ಆಸ್ಪತ್ರೆಯ ಸಿಡುಕು. ಎರಡರಿಂದಲೂ ಮೇಲಿನ ಕೂಸುಗಳಿಗೆ ಪ್ರಯೋಜನವಿಲ್ಲ. ಬಾಣಂತನ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆ ಎರಡು ಕೆಲಸ ಸೇರಿಕೊಂಡಿವೆ: ಬಾಣಂತಿಗೆ ಹೆಚ್ಚಾಗಿ ಕೊಡುವುದು, ಬಾಣಂತಿಯಿಂದ ತಪ್ಪಿಸುವುದು. ಅಪಾಯ ತಪ್ಪಿಸುವ ಕಡೆಯಲ್ಲಿದೆ. ಅದೂ ಎಲ್ಲ ಮನೆಯಲ್ಲೂ ಒಂದೇ ಮಟ್ಟದ್ದಲ್ಲ. ಪಥ್ಯ ಕಳೆದ ಮೇಲೆ ತಟ್ಟೆಯಲ್ಲಿ ಉಳಿಯುವ ಧಾನ್ಯ ಯಾವುದು ಎಂಬುದರ ಮೇಲೆ ಅದು ನಿಂತಿದೆ ಎಂಬುದು ನನ್ನ ವಾದ.

ಥಯಮಿನ್ನಿನ ಸ್ವಭಾವ ಮೊದಲು. ಶರ್ಕರಪಿಷ್ಟವನ್ನು ದೇಹ ಶಕ್ತಿಯಾಗಿ ಮಾರ್ಪಡಿಸುವಾಗ ಇದು ಬೇಕೇ ಬೇಕು, ಆದ್ದರಿಂದ ಅನ್ನ, ಬೆಲ್ಲ ಹೆಚ್ಚು ತಿಂದಷ್ಟೂ ಇದರ ಅಗತ್ಯ ಹೆಚ್ಚು. 1000 ಕಿಲೋಕ್ಯಾಲರಿಗೆ ಸುಮಾರು 0.5 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ. ದೇಹದಲ್ಲಿ ಇದರ ದಾಸ್ತಾನು 25-30 ಮಿಲಿಗ್ರಾಂ ಮಾತ್ರ. ಊಟದಲ್ಲಿ ಬರದೇ ಹೋದರೆ ಎರಡು ಮೂರು ವಾರದಲ್ಲಿ ಬರಿದಾಗುತ್ತದೆ. ಎದೆಹಾಲಿನ ಸುಣ್ಣದ ಅಂಶ ತಾಯಿಯ ಊಟ ಕಡಿಮೆಯಾದರೂ ಬಹಳ ಇಳಿಯುವುದಿಲ್ಲ, ತಾಯಿಯ ಮೂಳೆಯಿಂದಲಾದರೂ ಅದು ಬರುತ್ತದೆ. ಥಯಮಿನ್ ಹಾಗಲ್ಲ: ತಾಯಿಯ ಊಟದಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ. ತಾಯಿಗೆ ಕಾಲು ಜೋಮು, ಪಾದದಲ್ಲಿ ಉರಿ, ಸುಸ್ತು, ಇಷ್ಟೇ ಇರಬಹುದು; ಏನೂ ಇಲ್ಲದೆಯೂ ಇರಬಹುದು. ಬಾಣಂತಿಗೆ ಸುಸ್ತು ಸಹಜವೆಂದು ಮನೆಯವರೂ ಸುಮ್ಮನಾಗುತ್ತಾರೆ. ಕೂಸಿಗೆ ಮಾತ್ರ ಬೇರೆ ದಾರಿಯಿಲ್ಲ. ಹೆರಿಗೆಯಾದ ದಿನದಿಂದ ಪಥ್ಯ ಶುರುವಾದರೆ ಎರಡು ಮೂರನೇ ತಿಂಗಳಲ್ಲಿ ಕೂಸು ಕಾಯಿಲೆ ಬೀಳುವುದು ಈ ಗಣಿತಕ್ಕೆ ಸರಿಯಾಗಿ ಹೊಂದುತ್ತದೆ.

ಥಯಮಿನ್ ಕೊರತೆಯ ಈ ಕಾಯಿಲೆ, ಬೆರಿಬೆರಿ, ಹೊಸದಲ್ಲ. ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ 1890ರ ದಶಕದಲ್ಲಿ, ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಕಾಲು ಬಿದ್ದುಹೋಗುವುದನ್ನೂ ತವುಡು ಸೇರಿಸಿದರೆ ಅವು ಎದ್ದು ಓಡಾಡುವುದನ್ನೂ ಗುರುತಿಸಿದ್ದು ಶಾಲೆಯ ಪಾಠದಲ್ಲೇ ಇದೆ. ಅದಕ್ಕಿಂತ ನಮಗೆ ಹತ್ತಿರದ್ದು, ನಾವು ಮರೆತದ್ದು, ನೀಲಗಿರಿಯ ಕೂನೂರಿನ ಕಥೆ. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅಲ್ಲಿದ್ದ ಪ್ರಯೋಗಾಲಯ. ಅದನ್ನು ಕಟ್ಟಿದ ರಾಬರ್ಟ್ ಮೆಕ್ಯಾರಿಸನ್ ಅಕ್ಕಿಗೂ ಬೆರಿಬೆರಿಗೂ ಇರುವ ನಂಟನ್ನು ಕುರಿತು 1924ರಲ್ಲೇ ಬರೆದಿದ್ದರು. ಅವರ ನಂತರ ಬಂದ ವಾಲೇಸ್ ಅಕ್ರಾಯ್ಡ್ ಸಹೋದ್ಯೋಗಿ ಕೃಷ್ಣನ್ ಜೊತೆ 1941ರಲ್ಲಿ ಮದ್ರಾಸ್ ಪ್ರಾಂತದ ಬೆರಿಬೆರಿ ಸೀಮೆಯ ಶಿಶುಮರಣವನ್ನು ಪರಿಶೀಲಿಸಿದರು. ಆ ಸೀಮೆ ಇಂದಿನ ಆಂಧ್ರದ ಉತ್ತರ ಕರಾವಳಿ. ಅಲ್ಲಿನ ಜನ ಮಿಲ್ಲಿನಲ್ಲಿ ಹೊಳಪು ಮಾಡಿದ ಹಸಿ ಅಕ್ಕಿ ಉಣ್ಣುತ್ತಿದ್ದರು. ಅದೇ ಪ್ರಾಂತದಲ್ಲಿ ಕುಚ್ಚಲಕ್ಕಿ ಉಣ್ಣುವ ಜಿಲ್ಲೆಗಳಲ್ಲಿ, ಬಡತನ ಅಷ್ಟೇ ಇದ್ದರೂ, ಬೆರಿಬೆರಿ ಅಪರೂಪವಾಗಿತ್ತು.

ಕಾರಣ ಸರಳ. ಭತ್ತವನ್ನು ನೆನೆಹಾಕಿ ಬೇಯಿಸುವಾಗ ತವುಡಿನ ಪದರದಲ್ಲಿರುವ ಥಯಮಿನ್ ನೀರಿನ ಜೊತೆ ಒಳಗಿನ ಕಾಳಿಗೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ಉಜ್ಜಿದರೂ ಒಂದಷ್ಟು ಉಳಿದುಕೊಳ್ಳುತ್ತದೆ. ಹಸಿ ಭತ್ತವನ್ನು ಉಜ್ಜಿದರೆ ಅದೆಲ್ಲ ತವುಡಿನ ಜೊತೆ ದನದ ಪಾಲು.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕವನ್ನು ಮುಂದಿಟ್ಟುಕೊಂಡು ಈಗ ತಟ್ಟೆಗೆ ಬರೋಣ. 100 ಗ್ರಾಂ ಪಾಲಿಶ್ ಮಾಡಿದ ಹಸಿ ಅಕ್ಕಿಯಲ್ಲಿ ಥಯಮಿನ್ ಸುಮಾರು 0.05 ಮಿಲಿಗ್ರಾಂ. ಕುಚ್ಚಲಕ್ಕಿಯಲ್ಲಿ ಸುಮಾರು 0.17. ರಾಗಿ, ಜೋಳಗಳಲ್ಲಿ 0.35ರ ಆಸುಪಾಸು. ಹಾಲೂಡುವ ತಾಯಿಗೆ ದಿನಕ್ಕೆ 1.5 ಮಿಲಿಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಮೂರು ಹೊತ್ತೂ ಅನ್ನವನ್ನೇ ಉಣ್ಣುವ ಬಾಣಂತಿ 400 ಗ್ರಾಂ ಹಸಿ ಅಕ್ಕಿ ಖರ್ಚು ಮಾಡಿದರೆ ಸಿಗುವುದು 0.2 ಮಿಲಿಗ್ರಾಂ, ಅದೂ ತೊಳೆಯುವುದಕ್ಕೆ ಮುಂಚೆ. ಅಷ್ಟೇ ಕುಚ್ಚಲಕ್ಕಿಯಾದರೆ 0.7ರ ಹತ್ತಿರ. 250 ಗ್ರಾಂ ರಾಗಿ ಹಿಟ್ಟಿನ ಮುದ್ದೆ, ಉಳಿದದ್ದು ಅನ್ನ ಎಂದರೆ ಒಂದು ಮಿಲಿಗ್ರಾಮಿನ ಆಸುಪಾಸು.

ಸಾಮಾನ್ಯ ದಿನಗಳಲ್ಲಿ ಈ ಕೊರತೆ ಬಾಧಿಸುವುದಿಲ್ಲ, ಏಕೆಂದರೆ ಅನ್ನದ ಪಕ್ಕದಲ್ಲಿ ಬೇಳೆ ಸಾರು, ಕಾಳುಪಲ್ಯ, ಶೇಂಗಾ ಚಟ್ನಿ, ಸೊಪ್ಪು, ಮೊಟ್ಟೆ, ಮಾಂಸ ಏನಾದರೊಂದು ಇರುತ್ತದೆ. ಬೇಳೆಕಾಳಿನಲ್ಲಿ ಥಯಮಿನ್ ಪಾಲಿಶ್ ಅಕ್ಕಿಗಿಂತ ಬಹಳ ಹೆಚ್ಚು; ಶೇಂಗಾದಲ್ಲಿ ಇನ್ನೂ ಹೆಚ್ಚು. ಪಥ್ಯ ಕೈಹಾಕುವುದು ನೇರವಾಗಿ ಇಲ್ಲಿಗೇ. ಬೇಳೆ ವಾಯು, ಕೂಸಿಗೆ ಹೊಟ್ಟೆ ನುಲಿಯುತ್ತದೆ. ಕಡಲೆಬೀಜ ಪಿತ್ತ. ಬದನೆ, ಕುಂಬಳ ನಂಜು. ಸೊಪ್ಪು ಶೀತ, ಸಬ್ಬಸಿಗೆ ಒಂದನ್ನು ಬಿಟ್ಟು. ಮೊಸರು, ಬಾಳೆಹಣ್ಣು, ಸೌತೆ ನೆಗಡಿ. ಹೊಲಿಗೆ ಹಾಕಿದ್ದರೆ ಇನ್ನಷ್ಟು ಕಟ್ಟುನಿಟ್ಟು, ಗಾಯ ಕೀವಾಗುತ್ತದೆಂಬ ಭಯಕ್ಕೆ. ಒಂದೊಂದು ಮನೆಯಲ್ಲಿ ಒಂದೊಂದು ಪಟ್ಟಿ. ಒಂದು ಮನೆಯ ನಂಜು ಪಕ್ಕದ ಮನೆಯಲ್ಲಿ ಹಾಲು ಹೆಚ್ಚಿಸುವ ಪದಾರ್ಥವಾಗಿರುವುದೂ ಉಂಟು. ಪಟ್ಟಿಗಳನ್ನೆಲ್ಲ ಒಂದರ ಮೇಲೊಂದಿಟ್ಟು ನೋಡಿದರೆ ಕೊನೆಗೆ ಉಳಿಯುವುದು ಬಿಸಿ ಅನ್ನ, ತುಪ್ಪ, ಕಾಳುಮೆಣಸು-ಬೆಳ್ಳುಳ್ಳಿಯ ತಿಳಿಸಾರು, ಬಾಣಂತಿ ಖಾರದ ಪುಡಿ. ಬಿಸಿಬಿಸಿಯಾಗಿ ಉಂಡರೆ ರುಚಿಯೇ, ಹೊಟ್ಟೆಯೂ ತುಂಬುತ್ತದೆ. ಥಯಮಿನ್ ಮಾತ್ರ ಹೆಚ್ಚುಕಡಿಮೆ ಇಲ್ಲ.

ಅಡುಗೆಮನೆಯ ಇನ್ನೆರಡು ಕ್ರಮಗಳನ್ನೂ ಇದಕ್ಕೆ ಸೇರಿಸಬೇಕು. ಬಾಣಂತಿಗೆ ಮಾಡುವ ಅನ್ನದಲ್ಲಿ ಮಡಿ, ಶುಚಿ ಎರಡೂ ಜಾಸ್ತಿ. ಅಕ್ಕಿಯನ್ನು ಕೈಯಲ್ಲಿ ಉಜ್ಜಿ ಉಜ್ಜಿ ಮೂರು ನಾಲ್ಕು ನೀರು ತೆಗೆಯುತ್ತಾರೆ. ಮೊದಲ ನೀರು ಹಾಲಿನ ಹಾಗೆ ಬೆಳ್ಳಗೆ ಬರುತ್ತದೆ, ಕೊನೆಯದು ತಿಳಿ. ಕಾಳಿಗೆ ಅಂಟಿಕೊಂಡಿದ್ದ ಅಳಿದುಳಿದ ತವುಡಿನ ಹುಡಿ ಆ ಬೆಳ್ಳನೆಯ ನೀರಿನಲ್ಲಿದೆ. ಥಯಮಿನ್ ನೀರಿನಲ್ಲಿ ಕರಗುವ ವಸ್ತು. ಆಮೇಲೆ ಅನ್ನ ಉದುರುದುರಾಗಲೆಂದು ಗಂಜಿ ಬಸಿದರೆ ಇನ್ನೊಂದು ಪಾಲು ಹೋಯಿತು. ಹಿಂದೆ ಆ ಗಂಜಿಗೆ ಉಪ್ಪು ಹಾಕಿ ಕುಡಿಯುವವರಿದ್ದರು, ಈಗ ಅದು ಮೋರಿಗೆ.

ಎರಡನೆಯದು ಎಲೆ ಅಡಿಕೆ. ಊಟವಾದ ಮೇಲೆ ಬಾಣಂತಿಗೆ ವೀಳ್ಯ ಕೊಡುವುದು ಹಳೆ ಮೈಸೂರು, ಮಲೆನಾಡು, ಉತ್ತರ ಕರ್ನಾಟಕ ಎಲ್ಲ ಕಡೆಯೂ ಇದೆ. ಅಡಿಕೆಯಲ್ಲೂ ಚಹಾದಲ್ಲೂ ಇರುವ ಒಗರು ಪದಾರ್ಥಗಳು ಥಯಮಿನ್ನನ್ನು ಕೆಡಿಸುತ್ತವೆ ಎಂಬುದನ್ನು ಥಾಯ್ಲೆಂಡಿನ ಸಂಶೋಧಕರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಮೊದಲೇ ಕಡಿಮೆಯಿರುವ ಥಯಮಿನ್ ಊಟದ ಬೆನ್ನಿಗೇ ಬರುವ ಅಡಿಕೆಯಿಂದ ಇನ್ನಷ್ಟು ಕಡಿಮೆಯಾಗುತ್ತದೆ. ಜೀರ್ಣಕ್ಕೆ ಏನಾದರೂ ಬೇಕೆನ್ನುವವರಿಗೆ ಓಮ, ಸೋಂಪು ಇದ್ದೇ ಇವೆ.

ಇನ್ನು ವಾದದ ದುರ್ಬಲ ಜಾಗಗಳನ್ನು ಹೇಳಬೇಕು. ಜಯದೇವದ ಅಧ್ಯಯನ ಆಸ್ಪತ್ರೆಗೆ ಬಂದ ಮಕ್ಕಳದ್ದು. ಊರಿನ ಎಲ್ಲ ಮಕ್ಕಳಲ್ಲಿ ಇದು ಎಷ್ಟು ಎಂಬುದು ಅದರಿಂದ ಸಿಗುವುದಿಲ್ಲ. ತಾಯಂದಿರೆಲ್ಲ ಪಥ್ಯದಲ್ಲಿದ್ದರು ಎಂಬ ಮಾತಿಗೂ ಒಂದು ಮಿತಿಯಿದೆ: ನಮ್ಮಲ್ಲಿ ಪಥ್ಯ ಮಾಡದ ಬಾಣಂತಿಯರೇ ಕಡಿಮೆ. ಕಾಯಿಲೆ ಬೀಳದ ಮಕ್ಕಳ ತಾಯಂದಿರನ್ನು ಕೇಳಿದರೂ ಬಹುಶಃ ಅದೇ ಉತ್ತರ ಬರುತ್ತಿತ್ತು. ಎಲ್ಲರೂ ಪಥ್ಯ ಮಾಡುತ್ತಾರೆ, ಕೆಲವೇ ಕೂಸುಗಳು ಕಾಯಿಲೆ ಬೀಳುತ್ತವೆ ಎಂದಾದರೆ ಪಥ್ಯವೊಂದೇ ಕಾರಣವಾಗಲಾರದು. ಪಥ್ಯದ ಜೊತೆ ಇನ್ನೇನೋ ಸೇರಿರಬೇಕು. ಆ ಇನ್ನೇನೋ ಹಸಿ ಪಾಲಿಶ್ ಅಕ್ಕಿ ಎಂಬುದು ನನ್ನ ಊಹೆ. ಗರ್ಭಿಣಿಯಾಗಿದ್ದಾಗಲೇ ದಾಸ್ತಾನು ಖಾಲಿಯಾಗಿದ್ದದ್ದು, ಅಡಿಕೆ, ವಂಶವಾಹಿಯ ವ್ಯತ್ಯಾಸ ಇವೂ ಇರಬಹುದು. ಥಯಮಿನ್ ಕೊಟ್ಟ ಕೂಡಲೇ ಕೂಸುಗಳು ಗುಣವಾದದ್ದು ಮಾತ್ರ ಗಟ್ಟಿ ಸಾಕ್ಷ್ಯ. ಇಷ್ಟು ಏರಿದ ಒತ್ತಡ ಬರಿಯ ಆಮ್ಲಜನಕದಿಂದ ಒಂದೆರಡು ದಿನದಲ್ಲಿ ಹಾಗೆ ಇಳಿದುಹೋಗುವುದಿಲ್ಲ.

ಪಥ್ಯಕ್ಕೆ ಆಯುರ್ವೇದದ ಬೆಂಬಲವಿದೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಗ್ರಂಥ ತೆರೆದರೆ ಚಿತ್ರ ಬೇರೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಸೂತಿಕೆಗೆ ಹೇಳಿರುವ ಆಹಾರದ ಕ್ರಮ ಹೀಗಿದೆ: ಮೊದಲ ದಿನಗಳಲ್ಲಿ ಜಿಡ್ಡು ಸೇರಿಸಿದ ಅಥವಾ ಹಾಲಿನಲ್ಲಿ ಬೇಯಿಸಿದ ಗಂಜಿ, ಅದಾದ ಮೇಲೆ ಬಾರ್ಲಿ, ಬೋರೆಹಣ್ಣು, ಹುರುಳಿಕಾಳು ಹಾಕಿ ಸಿದ್ಧಪಡಿಸಿದ ಕಾಡುಪ್ರಾಣಿಯ ಮಾಂಸದ ರಸದ ಜೊತೆ ಅನ್ನ. ಹುರುಳಿಯೂ ಬಾರ್ಲಿಯೂ ಮಾಂಸವೂ ಇರುವ ಈ ಊಟ ಮೊದಲ ವಾರ ಕಳೆಯುವ ಹೊತ್ತಿಗೇ ಶುರುವಾಗುತ್ತದೆ. ನಮ್ಮ ಮನೆಗಳಲ್ಲಿ ಗಂಜಿಯ ಹಂತವನ್ನೇ ಎಳೆದು ಮೂರು ತಿಂಗಳು ಮಾಡಿದ್ದೇವೆ, ಮುಂದಿನ ಹಂತವನ್ನು ಕೈಬಿಟ್ಟಿದ್ದೇವೆ. ಸಸ್ಯಾಹಾರಿಗಳು ಮಾಂಸವನ್ನು ಬಿಟ್ಟದ್ದು ಸರಿ, ಆದರೆ ಹುರುಳಿ ಕಟ್ಟಿನ ಸಾರು ಯಾವ ಕಾರಣಕ್ಕೆ ಬಾಣಂತಿಯ ತಟ್ಟೆಯಿಂದ ಹೊರಗೆ ಹೋಯಿತೋ ಗ್ರಂಥದಲ್ಲಿ ಕಾಣುವುದಿಲ್ಲ.

ನೀರಿನ ಪಥ್ಯವನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ, ಅದು ಪ್ರತ್ಯೇಕ ಟಿಪ್ಪಣಿಗೆ ಅರ್ಹ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೈ ಊದುತ್ತದೆ ಎಂದು ದಿನಕ್ಕೆ ನಾಲ್ಕೈದು ಲೋಟಕ್ಕೆ ಕಟ್ಟಿಹಾಕುವವರು ಇಂದಿಗೂ ಇದ್ದಾರೆ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಮೈಯಿಂದ ಹೊರಹೋಗುವಾಗ ಈ ಲೆಕ್ಕ ಕೂಡುವುದಿಲ್ಲ. ಹೆರಿಗೆಯ ನಂತರದ ಆರು ವಾರ ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಕಾಲ. ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿ ತಲೆನೋವು, ಫಿಟ್ಸು, ಪಾರ್ಶ್ವವಾಯು ಬರುವ ಬಾಣಂತಿಯರನ್ನು ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ಹೆಪ್ಪು ತಡೆಯುವ ಹೆಪಾರಿನ್ ಔಷಧದ ಪ್ರಯೋಗವನ್ನು ಇಂಥ ಬಾಣಂತಿಯರಲ್ಲೇ ನಡೆಸಿ 1995ರಲ್ಲಿ ಪ್ರಕಟಿಸಿದರು. ಆಮೇಲೆ ಹೋಮೋಸಿಸ್ಟೀನ್, ಫೋಲೇಟ್, ಬಿ12ಗಳ ಪಾತ್ರವನ್ನೂ ಪರಿಶೀಲಿಸಿದರು. ನೀರು ಕಡಿಮೆ ಕುಡಿದದ್ದೇ ಕಾರಣವೆಂದು ಹೇಳುವಷ್ಟು ನೇರ ಸಾಕ್ಷ್ಯವಿಲ್ಲ. ಆದರೆ ಮೊದಲೇ ಹೆಪ್ಪುಗಟ್ಟುವ ಸ್ವಭಾವದಲ್ಲಿರುವ ರಕ್ತವನ್ನು ಇನ್ನಷ್ಟು ಗಟ್ಟಿ ಮಾಡುವ ಪದ್ಧತಿಗೆ ಸಮರ್ಥನೆಯೂ ಇಲ್ಲ. ಬಿಸಿನೀರು, ಜೀರಿಗೆ ನೀರು, ಏನಾದರೂ ಸರಿ, ಬಾಯಾರಿದಷ್ಟು ಕುಡಿಯಲಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದನ್ನಂತೂ ಚರ್ಚೆಯಿಲ್ಲದೆ ಬಿಡಬೇಕು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕೊಡುವ ಕಡೆಯ ಬಾಣಂತನವನ್ನು ಇದೇ ಉಸಿರಿನಲ್ಲಿ ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ತವರಿಗೆ ಬಂದ ಮಗಳು ಮೂರು ತಿಂಗಳು ಒಲೆ, ಬಟ್ಟೆ, ಕೊಡಗಳ ತಂಟೆಗೆ ಹೋಗದೆ ಮಲಗುವುದು, ರಾತ್ರಿ ಕೂಸು ಎದ್ದರೆ ಎತ್ತಿಕೊಳ್ಳಲು ಅಮ್ಮನೋ ಅಜ್ಜಿಯೋ ಇರುವುದು, ದಿನವೂ ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯಲು ಒಬ್ಬಾಕೆ ಬರುವುದು ಇವೆಲ್ಲ ಯಾವ ಯೋಜನೆಯಿಂದಲೂ ತರಿಸಲಾಗದ ಸವಲತ್ತು. ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರದ ಹೊತ್ತಿಗೆ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡಿತು. ಬಡತನ, ಗಂಡನ ಹಿಂಸೆ, ಹುಟ್ಟಿದ್ದು ಹೆಣ್ಣೆಂಬ ಅಸಮಾಧಾನ ಇವು ಅದರ ಜೊತೆಗಿದ್ದವು. ತವರಿನ ಆಸರೆಗೆ ಇಂಥ ಕಡೆ ಬೆಲೆ ಹೆಚ್ಚು. ಆಸರೆಯೂ ಸಾಲದೆ ಹೋದಾಗ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಸೇರಿಸಿಕೊಳ್ಳುವ ವಿಭಾಗ ನಿಮ್ಹಾನ್ಸ್‌ನಲ್ಲಿದೆ. ಉತ್ತರ ಕರ್ನಾಟಕದ ಅಂಟಿನುಂಡೆ, ಕೊಬ್ಬರಿ, ಉತ್ತತ್ತಿ, ಅಳವಿ ಪಾಯಸ, ಹಳೆ ಮೈಸೂರಿನ ಮೆಂತ್ಯದ ಹಿಟ್ಟು ಇವುಗಳಲ್ಲಿ ಶಕ್ತಿ ದಂಡಿಯಾಗಿದೆ. ಹಾಲೂಡುವ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲರಿ ಹೆಚ್ಚು ಬೇಕೆಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿಗೆ ಅವು ಅನುಕೂಲ. ದಿನಕ್ಕೆ ಒಂದೆರಡು ಉಂಡೆಯಿಂದ ಥಯಮಿನ್ ಕೊರತೆ ತುಂಬುವುದಿಲ್ಲ ಎಂಬುದಷ್ಟೇ ತಕರಾರು.

ಸರ್ಕಾರದ ಕಡೆಯಿಂದ ಬರುವುದರಲ್ಲೂ ಈ ತೂತು ಹಾಗೇ ಇದೆ. ಹೆರಿಗೆಯ ನಂತರ 180 ದಿನ ಕೊಡುವ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ ಆ ಮಾತ್ರೆ ಬೇಕೇ ಬೇಕು, ಆದರೆ ಅದರಲ್ಲಿ ಥಯಮಿನ್ ಇಲ್ಲ. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಕಡ್ಡಾಯವಾದವು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಮೂರೇ, ಥಯಮಿನ್ ಐಚ್ಛಿಕ. ಅಕ್ಕಿಯ ಹೊಳಪು ತೆಗೆದುಕೊಂಡು ಹೋದ ಜೀವಸತ್ವವನ್ನೇ ಅಕ್ಕಿಗೆ ಮರಳಿ ಸೇರಿಸದಿರುವುದು ವಿಚಿತ್ರ. 2017ರ ಅಕ್ಟೋಬರಿನಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟದಲ್ಲಿ ಬೇಳೆ, ಸೊಪ್ಪು, ಮೊಟ್ಟೆ, ಕಡಲೆಬೀಜದ ಚಿಕ್ಕಿ ಎಲ್ಲವೂ ಇತ್ತು. ಈ ಟಿಪ್ಪಣಿ ಕೇಳುವುದೂ ಅದನ್ನೇ. ಆದರೆ ಊಟವಿರುವುದು ಅಂಗನವಾಡಿಯಲ್ಲಿ, ಬಾಣಂತಿ ಹೊಸ್ತಿಲು ದಾಟುವುದಿಲ್ಲ. ದಾಟಿದರೂ ಚಿಕ್ಕಿಯನ್ನು ಅಜ್ಜಿ ತಿನ್ನಲು ಬಿಡಬೇಕಲ್ಲ.

ಹಾಗಾಗಿ ಮಾತನಾಡಬೇಕಾದದ್ದು ಅಜ್ಜಿಯ ಜೊತೆ, ಅದೂ ಹೆರಿಗೆಗೆ ಮುಂಚೆ, ಏಳನೇ ತಿಂಗಳ ಹೊತ್ತಿಗೆ. ಪಥ್ಯ ಬಿಡಿ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಪಥ್ಯದ ಒಳಗೇ ಸಲ್ಲುವ ಪದಾರ್ಥ ಹೇಳಿದರೆ ಕೇಳುತ್ತಾರೆ. ಮಂಗಳೂರು ಕಡೆ ಕುಚ್ಚಲಕ್ಕಿ ಗಂಜಿ. ಬಯಲುಸೀಮೆಯಲ್ಲಿ ರಾಗಿ ಅಂಬಲಿ, ಮುದ್ದೆ. ವಿಜಯಪುರ, ಕಲಬುರಗಿ ಕಡೆ ಜೋಳದ ನುಚ್ಚು, ರೊಟ್ಟಿ. ಹಸಿ ಅಕ್ಕಿಯೇ ಆಗಬೇಕೆನ್ನುವ ಮನೆಯಲ್ಲಿ ಹೆಸರುಬೇಳೆ ಹಾಕಿದ ಮೆಣಸಿನ ಪೊಂಗಲ್. ಹೆಸರುಬೇಳೆಯನ್ನು ಹಗುರವೆಂದು ಒಪ್ಪುವವರು ಹೆಚ್ಚು. ಹುರುಳಿ ಉಷ್ಣವೆಂದು ಅಜ್ಜಿಯರೇ ಹೇಳುತ್ತಾರೆ, ಶೀತಕ್ಕೆ ಹೆದರುವವರಿಗೆ ಅದರ ಕಟ್ಟಿನ ಸಾರು ತಕ್ಕದ್ದು. ಅಕ್ಕಿಯನ್ನು ಒಂದೇ ನೀರಿನಲ್ಲಿ ತೊಳೆದು, ಗಂಜಿ ಬಸಿಯದೆ ಇಂಗಿಸಿದರೆ ಸಾಕು. ಇದ್ಯಾವುದೂ ನಡೆಯದ ಮನೆಯಲ್ಲಿ ವೈದ್ಯರನ್ನು ಕೇಳಿ ಥಯಮಿನ್ ಇರುವ ಬಿ-ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳಬಹುದು, ದುಬಾರಿಯೇನಲ್ಲ. ಕೂಸು ಹಾಲು ಬಿಟ್ಟು ಏದುಸಿರು ಬಿಡತೊಡಗಿದರೆ, ಅಳುವಿನ ದನಿ ಒಡೆದರೆ ಅಥವಾ ಅಡಗಿದರೆ, ದೃಷ್ಟಿ ತೆಗೆಯುತ್ತ ಕೂರದೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕು, ತಾಯಿ ಪಥ್ಯದಲ್ಲಿದ್ದಾಳೆ ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಸಂಶೋಧನೆಯ ಕಡೆಯಿಂದ ಬಾಕಿಯಿರುವ ಕೆಲಸ ದೊಡ್ಡದಲ್ಲ. ಕುಚ್ಚಲಕ್ಕಿ, ಹಸಿ ಅಕ್ಕಿ, ರಾಗಿ, ಜೋಳ ಉಣ್ಣುವ ನಾಲ್ಕು ಸೀಮೆಗಳಲ್ಲಿ, ಒಂದೇ ಬಗೆಯ ಪಥ್ಯದಲ್ಲಿರುವ ತಾಯಂದಿರ ಹಾಲಿನ ಥಯಮಿನ್ನನ್ನು ಹೋಲಿಸಿದರೆ ಮೇಲಿನ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆಯರ ಭೇಟಿಯ ದಿನಗಳನ್ನು ಗಮನಿಸಿ: ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ, ಆಮೇಲಿನ ಭೇಟಿ ಮೂರು ತಿಂಗಳಿಗೆ. ಕೂಸಿಗೆ ಅಪಾಯ ಹೆಚ್ಚುತ್ತ ಹೋಗುವುದು ಈ ಎರಡರ ನಡುವಿನ ಅವಧಿಯಲ್ಲಿ. ಅದೇ ಅವಧಿಯಲ್ಲಿ ಕೂಸು ತಾನಾಗಿ ಆರೋಗ್ಯ ಕೇಂದ್ರಕ್ಕೆ ಬರುವ ಒಂದು ದಿನವಿದೆ, ಹತ್ತನೇ ವಾರದ ಲಸಿಕೆಯ ದಿನ. ಸೂಜಿ ಚುಚ್ಚುವ ಸಹಾಯಕಿ ಕೂಸಿನ ತೂಕ ಬರೆದುಕೊಳ್ಳುತ್ತಾಳೆ. ನಿನ್ನೆ ಏನು ಉಂಡೆ, ಯಾವ ಅಕ್ಕಿ, ಬೇಳೆ ಶುರುಮಾಡಿದ್ದೀಯಾ ಎಂದು ತಾಯಿಯನ್ನು ಕೇಳಿ ತಾಯಿ ಕಾರ್ಡಿನಲ್ಲಿ ಇನ್ನೊಂದು ಸಾಲು ಬರೆಯಲು ಎರಡು ನಿಮಿಷ ಸಾಕು.